ಪುಟ್ಟತಾಯಿ ಅತ್ತೆಯ ಹಲಸಿನ ನೆಲ

ಪುಟ್ಟತಾಯಿ ಅತ್ತೆ ಯಾರ ಮನೆಗೆ ಹೋದರೂ ಮೊದಲು ನೆಲವನ್ನು ಮಾತಾಡಿಸುತ್ತಿದ್ದರು. ಮನೆಯವರ ಸರದಿ ಆಮೇಲೆ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದವರೇ ಒಂದು ಗಳಿಗೆ ನಿಂತು, ಬಲಗಾಲಿನ ಹೆಬ್ಬೆರಳನ್ನು ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ಅಂಗಡಿಯಲ್ಲಿ ಸೀರೆಯ ಸೆರಗನ್ನು ಬೆರಳ ನಡುವೆ ಹಿಡಿದು ನೋಡುತ್ತಾರಲ್ಲ, ಹಾಗೆ. "ಬನ್ನಿ ಪುಟ್ಟತಾಯಮ್ಮ, ಚೆನ್ನಾಗಿದ್ದೀರಾ?" ಎಂದು ಮನೆಯವರು ಎರಡು ಸಲ ಕೇಳಿದ ಮೇಲೆಯೇ ಅವರಿಗೆ ಉತ್ತರ ಸಿಗುತ್ತಿತ್ತು.

ತೀರ್ಪು ಮಾತ್ರ ಆ ಮನೆಯಿಂದ ಹೊರಗೆ ಬಂದ ಮೇಲೆಯೇ. ಒಮ್ಮೆ ನಮ್ಮ ದೂರದ ನೆಂಟರ ಮನೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು: "ಆ ಮನೇಲಿ ಸೊಸೆಗೆ ಸುಖ ಇಲ್ಲ ಕಣ್ಲಾ ಚಂದ್ರ. ಅಡುಗೆಮನೆ ಬಾಗ್ಲಲ್ಲಿ ನೆಲ ಹಳ್ಳ ಬಿದ್ದೈತೆ. ನಡುಮನೇಲಿ ಒಸೀನೂ ಸವೆದಿಲ್ಲ." ಬ್ಯಾಂಕಿಗೂ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು. ಅಲ್ಲಿನ ನೆಲದ ಬಗ್ಗೆ ಅವರ ಅಭಿಪ್ರಾಯ: "ತಣ್ಣಗೈತೆ. ಇಲ್ಯಾರೂ ನಮ್ಮೋರಲ್ಲ."

ಇವುಗಳಲ್ಲಿ ಎಷ್ಟು ಅವರು ನಿಜವಾಗಿ ಆಡಿದ ಮಾತು, ಎಷ್ಟು ನಾನೇ ಆಮೇಲೆ ಅವರ ಬಾಯಿಗೆ ತುರುಕಿದ್ದು ಎಂದು ಯಾರಾದರೂ ಕೇಳಿದರೆ ಖಾತ್ರಿಯಾಗಿ ಹೇಳಲಾರೆ. ಮೈಸೂರಿನಲ್ಲಿ ಎಂ.ಎ. ಓದುವಾಗಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಓದಿದ ಪುಸ್ತಕ, ಕೇಳಿದ ಭಾಷಣ ಎಲ್ಲವನ್ನೂ ಪುಟಗಟ್ಟಲೆ ಬರೆದಿದ್ದೇನೆ. ಅತ್ತೆಯ ಜೊತೆ ಸುತ್ತಿದ ದಿನಗಳಲ್ಲಿ ಮಾತ್ರ "ಅತ್ತೆ. ಬಿಸಿಲು. ಮರ." ಎಂಬಂಥ ಸಾಲುಗಳಿವೆ. ಮುಖ್ಯವಾದದ್ದು ಯಾವುದೆಂದು ಆಗ ತಿಳಿದಿರಲಿಲ್ಲವೋ, ನಕ್ಕೂ ನಕ್ಕೂ ಸುಸ್ತಾಗಿ ಬರೆಯಲು ಆಗಲಿಲ್ಲವೋ. ಎರಡನೆಯದೇ ಇರಬೇಕು ಎಂದುಕೊಳ್ಳುತ್ತೇನೆ.

ಅವರು ನನ್ನ ತಂದೆಯ ತಂಗಿ. ಚನ್ನಪಟ್ಟಣದ ಹತ್ತಿರ ಹೊಂಗನೂರಿನಲ್ಲಿ ಮನೆ. ಮಾವ ಬೇಗ ತೀರಿಕೊಂಡಿದ್ದರು. ಅತ್ತೆ ರೇಷ್ಮೆಹುಳು ಸಾಕಿ, ಹಿಪ್ಪುನೇರಳೆ ಸೊಪ್ಪು ಹೊತ್ತು, ಮಗ ನಾಗರಾಜನನ್ನು ಓದಿಸಿದರು. ನಾಗರಾಜ ಭಾವನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು. ಕನಕಪುರದ ಕಡೆಯ ಸುಧಕ್ಕನನ್ನು ಮದುವೆಯಾದ. ಸುಧಕ್ಕ ಶಾಲೆಯಲ್ಲಿ ಮೇಡಂ. ಮನೆಯಲ್ಲೂ ಒಂದಿಷ್ಟು ಮೇಡಮ್ಮೇ. ಗಂಡ ಹೆಂಡತಿ ಸೇರಿ ಹಳೆ ಮನೆಯನ್ನು ಹೊಸದಾಗಿ ಕಟ್ಟಿಸಿ, ಅಮ್ಮನಿಗೆ ಖುಷಿಯಾಗಲೆಂದು ಅಡುಗೆಮನೆಗೆ ಕರಿ ಗ್ರಾನೈಟ್ ಹಾಕಿಸಿದರು. ಮುಖ ಕಾಣುವಂಥ ಹೊಳಪು. ಅತ್ತೆ ಗೃಹಪ್ರವೇಶದ ದಿನವೇ ಹೆಬ್ಬೆರಳು ಉಜ್ಜಿ ನೋಡಿ ಸುಮ್ಮನಾಗಿದ್ದರು. ಅವರು ಸುಮ್ಮನಾಗುವುದು ಬಲು ಅಪರೂಪ. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಅತ್ತೆ ಮುದ್ದೆ ತಿರುವುತ್ತಿದ್ದುದು ನೆಲದ ಮೇಲೆ ಕೂತು. ಕುದಿದ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಕೆಳಗಿಟ್ಟು, ಅದರ ಕತ್ತನ್ನು ಕವೆಗೋಲಿನ ಎರಡು ಕವಲಿನ ನಡುವೆ ಸಿಕ್ಕಿಸಿ, ಕವಲುಗಳ ತುದಿಯ ಮೇಲೆ ಎರಡೂ ಪಾದ ಊರಿ, ಹಿಟ್ಟಿನ ಕೋಲನ್ನು ಎರಡು ಕೈಯಲ್ಲಿ ಹಿಡಿದು ತಿರುವುವುದು. ಆಗ ಅವರ ಮೈಯೆಲ್ಲ ಗಾಣದ ಹಾಗೆ ಸುತ್ತುತ್ತಿತ್ತು. ಸುಧಕ್ಕ ಗ್ಯಾಸ್ ಒಲೆಯ ಮುಂದೆ ನಿಂತೇ ತಿರುವುತ್ತಿದ್ದಳು. ಅತ್ತೆ ಅದನ್ನು ಬಾಯಿಗಿಟ್ಟು, "ಮುದ್ದೆ ಚೆನ್ನಾಗೈತೆ ಕಣವ್ವ, ಗಂಟೂ ಚೆನ್ನಾಗವೆ" ಎನ್ನುತ್ತಿದ್ದರು. ಸುಧಕ್ಕನೂ ಬಿಡುತ್ತಿರಲಿಲ್ಲ. "ನಾನು ನೆಲದ ಮೇಲೆ ಕೂತು ಮುದ್ದೆ ತಿರುವೋದನ್ನ ನೀವು ಈ ಜನ್ಮದಲ್ಲಿ ನೋಡಲ್ಲ ಅತ್ತೆ" ಎನ್ನುತ್ತಿದ್ದಳು.

ಗ್ರಾನೈಟ್ ಹಾಕಿದ ಕೆಲವೇ ತಿಂಗಳಲ್ಲಿ ಅವಘಡವಾಯಿತು. ತಿರುವುತ್ತಿದ್ದಾಗ ಪಾತ್ರೆ, ಕವೆಗೋಲು, ಅತ್ತೆ ಮೂರೂ ಒಟ್ಟಿಗೆ ಜಾರಿ ಗೋಡೆಗೆ ಹೋಗಿ ಬಡಿದವು. ಪಾದದ ಮೇಲೆ ಬಿಸಿ ಹಿಟ್ಟು ಬಿದ್ದು ಬೊಬ್ಬೆ ಎದ್ದಿತು. ನಾನು ನೋಡಲು ಹೋದಾಗ ಕಾಲಿಗೆ ಮುಲಾಮು ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದರು. ಸುಧಕ್ಕನ ಮುಖ ಬಿಳಿಚಿಕೊಂಡಿತ್ತು.

"ಇನ್ನು ಇವರು ಅಡುಗೆಮನೆಗೆ ಬರೋದು ಬೇಡ ಚಂದ್ರು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಏನಾದ್ರೂ ಆದ್ರೆ? ಅಡುಗೆಯವಳನ್ನ ಮಾತಾಡಿದ್ದೀನಿ. ಯುಗಾದಿಯಿಂದ ಬರ್ತಾಳೆ."

"ಬಂದು?" ಎಂದರು ಅತ್ತೆ.

"ಬಂದು ಅಡುಗೆ ಮಾಡ್ತಾಳೆ. ನೀವು ಆರಾಮಾಗಿ ಟೀವಿ ನೋಡಿ."

"ಹಂಗಾದ್ರೆ ಅವಳಿಗೆ ಟೀವಿ ನೋಡಕ್ಕೇಳು. ಮುದ್ದೆ ನಾ ತಿರುವ್ತೀನಿ. ಜಾರಿದ್ದು ನಾನಲ್ಲ, ನಿಮ್ಮ ಬಂಡೆ."

ವಾದ ಸಂಜೆಯವರೆಗೂ ನಡೆಯಿತು. ಕೊನೆಗೆ ಸುಧಕ್ಕ ಮೇಡಂ ಶರತ್ತು ಹಾಕಿದಳು. "ಸರಿ. ಜಾರದಂಥ ನೆಲ ಯಾವುದೋ ನೀವೇ ಹುಡುಕಿ. ಅದರ ಮೇಲೆ ಕೂತು ಮನೆಮಂದಿಗೆಲ್ಲ ಮುದ್ದೆ ತಿರುವಿ, ಯಾರ ಕೈನೂ ಹಿಡೀದೆ ಎದ್ದು ನಿಂತ್ಕೊಳ್ಳಿ. ಆವತ್ತಿಂದ ಅಡುಗೆಮನೆ ನಿಮ್ಮದು. ಯುಗಾದಿ ಒಳಗೆ ಆಗಲಿಲ್ಲ ಅಂದ್ರೆ ನಾನು ಹೇಳಿದ್ದು ಕೇಳಬೇಕು."

ಅತ್ತೆ ಮಂಚದಿಂದ ಕಾಲು ಇಳಿಬಿಟ್ಟು, ಬೊಬ್ಬೆ ಎದ್ದ ಪಾದವನ್ನೇ ನೆಲಕ್ಕೆ ಮೆಲ್ಲಗೆ ತಾಗಿಸಿ, "ಮರ" ಎಂದರು.

"ಯಾವ ಮರ?"

"ಪಾಪಣ್ಣನ ಜಗಲಿ ಹಲಗೇದು ಅಲ್ವಾ? ಅದ್ರ ಮೇಲೆ ಕೂತ್ರೆ ಚಳಿಗಾಲದಲ್ಲೂ ಮಂಡಿ ನೋಯಲ್ಲ. ಜಾರದೂ ಇಲ್ಲ. ಅಡುಗೆಮನೆಗೆ ಮರ ಹಾಕ್ಸು."

ಪಾಪಣ್ಣ ಪಕ್ಕದ ಮನೆಯಾತ. ಜಗಲಿಯಲ್ಲೇ ಯಂತ್ರ ಇಟ್ಟುಕೊಂಡು ಗಿಲಕಿ, ಬುಗುರಿ, ಕತ್ತು ಅಲ್ಲಾಡಿಸುವ ಬೊಂಬೆ ಕಡೆಯುತ್ತಿದ್ದ. ನಾಗರಾಜ ಭಾವ ಬಿದ್ದು ಬಿದ್ದು ನಕ್ಕ. "ಅಡುಗೆಮನೆಗೆ ಮರದ ನೆಲವಾ? ಅವ್ವಾ, ದಿನಾ ನೀರು ಬಿದ್ರೆ ಚಿಗುರ್ತದೆ!"

"ಚಿಗುರಲಿ ಬುಡು. ಸೊಪ್ಪಿನ ಸಾರು ಮಾಡ್ತೀನಿ."

ಹೀಗೆ ಮರ ಹುಡುಕುವ ಕೆಲಸ ಶುರುವಾಯಿತು. ನನ್ನ ಹತ್ತಿರ ಆಗ ಹಳೆಯದೊಂದು ಕಾರಿತ್ತು. ನಾನೇ ಸಾರಥಿ. ಅತ್ತೆ ಕೈಚೀಲದಲ್ಲಿ ಮುದ್ದೆ ಪಾತ್ರೆ, ಹಿಟ್ಟಿನ ಕೋಲು, ಕವೆಗೋಲು ಇಟ್ಟುಕೊಂಡು ಹತ್ತಿದರು. ಕವೆಗೋಲಿನ ಕವಲು ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು. "ಇದ್ಯಾಕತ್ತೆ?" ಎಂದೆ. "ನೀನು ಸ್ಕೂಟ್ರು ತಗೊಳ್ಳುವಾಗ ಓಡಿಸಿ ನೋಡ್ನಿಲ್ವಾ?" ಎಂದರು.

ರಾಮನಗರದಲ್ಲಿ ದೊಡ್ಡದೊಂದು ಅಂಗಡಿ. ಟೈ ಕಟ್ಟಿದ ಹುಡುಗ ಬಾಗಿಲು ತೆಗೆದ. ಅತ್ತೆ ಹೆಬ್ಬೆರಳು ಉಜ್ಜುವವರೆಗೂ ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಒಂದೊಂದೇ ಮಾದರಿ ಹಲಗೆ ತಂದು ಮೇಜಿನ ಮೇಲಿಟ್ಟ. ನುಣುಪಾದ, ಚಂದದ ಗೆರೆಗಳಿದ್ದ ಹಲಗೆಗಳು. ಅತ್ತೆ ಒಂದನ್ನು ಎತ್ತಿ ಅಂಚಿನಲ್ಲಿ ನೋಡಿದರು.

"ಒಳಗೆ ರವೆ ಉಂಡೆ ಥರ ಏನೋ ಐತಲ್ಲಪ್ಪ."

"ಅದು ಪ್ರೆಸ್ ಮಾಡಿರೋದು ಮೇಡಂ. ಮೇಲಿಂದು ವುಡ್ ಫಿನಿಶ್."

"ಅಂದ್ರೆ ಮರ ಅಲ್ಲ, ಮರದ ಫೋಟೋ."

"ತುಂಬಾ ಬಾಳಿಕೆ ಬರ್ತದೆ ಮೇಡಂ. ವಾಟರ್ ಪ್ರೂಫ್."

"ಮುದ್ದೆ ಪ್ರೂಫಾ?"

ಹುಡುಗ ಕೈಪಿಡಿ ತಿರುವಿ ನೋಡಿದ. ನಿಜವಾಗಿ ನೋಡಿದನೋ, ನಾನು ಸೇರಿಸಿದ್ದೋ! ಇರಲಿ, ನೋಡುವಂಥ ಹುಡುಗನೇ. ಅತ್ತೆ ಅಷ್ಟರಲ್ಲಿ ಹಲಗೆಯನ್ನು ಅಂಗಡಿಯ ನೆಲಕ್ಕೆ ಹಾಕಿ, ಅದರ ಮೇಲೆ ಖಾಲಿ ಪಾತ್ರೆ ಇಟ್ಟು, ಕವೆಗೋಲು ಸಿಕ್ಕಿಸಿ, ಸೀರೆ ಮಂಡಿಗೆ ಒತ್ತರಿಸಿ ಕೂತು ತಿರುವತೊಡಗಿದ್ದರು. ಅಂಗಡಿಯದೂ ಗ್ರಾನೈಟ್ ನೆಲ. ಎರಡು ಸುತ್ತು ತಿರುವುವಷ್ಟರಲ್ಲಿ ಹಲಗೆ ಹೊರಟೇಬಿಟ್ಟಿತು. ಪಾತ್ರೆ, ಅತ್ತೆ, ಹಲಗೆ ಸವಾರಿ ಹೊರಟು ಸೋಫಾ ಹತ್ತಿರ ನಿಂತವು. ಅಲ್ಲಿ ಕೂತಿದ್ದ ಗಂಡ ಹೆಂಡತಿ ಕಾಲು ಮೇಲೆತ್ತಿಕೊಂಡರು.

"ಕಾಫಿ ಕುಡೀತೀರಾ ಮೇಡಂ?" ಎಂದ ಹುಡುಗ, ಬೇರೇನೂ ತೋಚದೆ.

"ಬ್ಯಾಡ ಕಣಪ್ಪ. ಬತ್ತೀನಿ. ನಿನ್ನ ತಪ್ಪಲ್ಲ."

ಚನ್ನಪಟ್ಟಣದ ಮರದಂಗಡಿಯಲ್ಲಿ ತೇಗದ ಹಲಗೆಗಳನ್ನು ನೆಲಕ್ಕೆ ಹರಡಿ ತೋರಿಸಿದರು. ಅತ್ತೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬಂದರು. "ಚೆನ್ನಾಗೈತೆ. ಆದ್ರೆ ಗತ್ತು ಜಾಸ್ತಿ. ಸಾರು ಚೆಲ್ಲುದ್ರೆ ಈ ಮರ ನನ್ನ ಬೈತದೆ." ನೀಲಗಿರಿ ಸೀಳು ಬಿಡುತ್ತದೆ ಎಂದು ಅಂಗಡಿಯವನೇ ಒಪ್ಪಿಕೊಂಡ. ಬೊಂಬೆ ಮಾಡುವ ಆಲೆ ಮರ ತೋರಿಸಿದ. ಹಾಲಿನಂಥ ಬಿಳುಪು. ಅತ್ತೆ ಉಗುರಿನಲ್ಲಿ ಗೀರಿ, "ಇದಿನ್ನೂ ಕೂಸು" ಎಂದು ಪಕ್ಕಕ್ಕೆ ಸರಿಸಿದರು.

ಯುಗಾದಿ ಹತ್ತಿರ ಬರುತ್ತಿತ್ತು. ಸುಧಕ್ಕ ಏನೂ ಕೇಳುತ್ತಿರಲಿಲ್ಲ. ಅಡುಗೆಯವಳು ಒಂದು ದಿನ ಬಂದು ಮನೆ ನೋಡಿಕೊಂಡು ಹೋದಳು. ಆ ಸಂಜೆ ನನಗೆ ಫೋನ್ ಮಾಡಿದ ಅತ್ತೆಯ ದನಿಯಲ್ಲಿ ಎಂದಿನ ಖಾರವಿರಲಿಲ್ಲ. "ಅವಳು ಉಪ್ಪಿನ ಡಬ್ಬಿ ಎಲ್ಲೈತೆ ಅಂತ ನನ್ನ ಕೇಳುದ್ಲು ಕಣ್ಲಾ" ಎಂದರು, ಅಷ್ಟೇ. ಮಾರನೆಯ ದಿನವೇ ರಜೆ ಹಾಕಿ ಕಾರು ತೆಗೆದೆ.

ಸೋಲೂರಿನಲ್ಲಿ ಮರ ಕೊಯ್ಯುವ ಮಿಲ್ಲೊಂದಿದೆ ಎಂದು ಯಾರೋ ಹೇಳಿದ್ದರು. ಮಾಗಡಿಯ ದಾರಿಯಲ್ಲಿ ಸಾವನದುರ್ಗದ ಬಂಡೆಬೆಟ್ಟ ಕಂಡಾಗ ಅತ್ತೆ, "ನೋಡ್ಲಾ, ಅಂಥದ್ದೇ ಒಂದನ್ನ ತಂದು ಚಪ್ಪಟೆ ಮಾಡಿ ಹಾಕಿದಾನೆ ನನ್ನ ಮಗ. ಅಲ್ಲಿಗೆ ಹತ್ತೋರು ಬೂಟು ಹಾಕ್ಕೊಂಡು, ಹಗ್ಗ ಕಟ್ಕೊಂಡು ಹತ್ತಾರೆ. ನಾನು ದಿನಾ ಬರಿಗಾಲಲ್ಲಿ ಹತ್ತಬೇಕು" ಎಂದರು.

ಮಿಲ್ಲಿನಲ್ಲೂ ಮೊದಲು ಏನೂ ಹಿಡಿಸಲಿಲ್ಲ. ಊಟದ ಹೊತ್ತಾಗಿತ್ತು. ಮಿಲ್ಲಿನವರ ಹೆಂಡತಿ ಬಿಡದೆ ಒಳಗೆ ಕರೆದು ಮಣೆ ಹಾಕಿ, ಮುದ್ದೆಗೆ ಅವರೆಕಾಳಿನ ಸಾರು ಬಡಿಸಿದರು. ಅತ್ತೆ ಮೊದಲ ತುತ್ತು ನುಂಗಿದವರು ಎರಡನೆಯದನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡರು. ಎಡಗೈಯನ್ನು ತಮ್ಮ ಕೆಳಗೆ ತೂರಿಸಿ ಕೂತ ಮಣೆಯನ್ನು ಸವರಿದರು.

"ಅವ್ವಾ, ಇದ್ಯಾವ ಮರ?"

"ಮಣೆನಾ? ಹಲಸಿಂದು. ನಮ್ಮತ್ತೆ ಕಾಲದ್ದು. ಯಾಕೆ, ಚುಚ್ತಾ?"

"ಲೋ ಚಂದ್ರ, ನಾವೆಂಥ ದಡ್ಡ್ರುಲಾ! ಹುಟ್ಟಿದಾಗಿಂದ ಇದ್ರ ಮೇಲೇ ಕೂತು ಉಂಡು, ಈಗ ಟೈ ಕಟ್ಟಿದೋನ ಹತ್ರ ಮರ ಕೇಳ್ಕಂಡು ತಿರುಗ್ತಾ ಇದೀವಿ. ಸಾರು ಚೆಲ್ಲಲಿ, ನೀರು ಚೆಲ್ಲಲಿ, ಹಲಸಿನ ಮಣೆ ಏನಾದ್ರೂ ಅಂದದಾ? ಅಡುಗೆಮನೇನೇ ಒಂದು ದೊಡ್ಡ ಮಣೆ ಆಗೋಗ್ಲಿ!"

ಕೈಯಲ್ಲಿದ್ದ ತುತ್ತು ಆಗ ಬಾಯಿಗೆ ಹೋಯಿತು.

ಮಿಲ್ಲಿನ ಹಿಂದೆ ಮಳೆ ಬಿಸಿಲು ತಾಗದ ಹಾಗೆ ವರ್ಷಗಳಿಂದ ಪೇರಿಸಿಟ್ಟಿದ್ದ ಹಲಸಿನ ಹಲಗೆಗಳು ಹೊಂಗನೂರಿಗೆ ಬಂದವು. ಗ್ರಾನೈಟ್ ಕೀಳದೆ ಅದರ ಮೇಲೇ ಮರದ ಪಟ್ಟಿ ಕೊಟ್ಟು ಹಲಗೆ ಜೋಡಿಸಿದರು. ನೆಲ ಒಂದು ಗೇಣು ಮೇಲೆ ಬಂತು. ನಾಗರಾಜ ಭಾವ ನೀಳಕಾಯದವನು, ಅವತ್ತಿನಿಂದ ಅವನ ತಲೆಗೆ ಅಟ್ಟ ತಗುಲತೊಡಗಿತು. "ಬಗ್ಗಿ ಬಾ. ಅಡುಗೆಮನೆಗೆ ಒಸಿ ಮರ್ಯಾದೆ ಕೊಡು" ಎಂದರು ಅತ್ತೆ.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಚನ್ನಪಟ್ಟಣದ ಸುತ್ತ ಹುಟ್ಟಿದವರಿಗೆ ಬಣ್ಣವಿಲ್ಲದ ಮರ ನೋಡಿದರೆ ಕೈ ತುರಿಸುತ್ತದೆ. ಪಾಪಣ್ಣ ಬಂದು ಹಲಗೆ ಸವರಿ, "ಪುಟ್ಟತಾಯಕ್ಕ, ಮರ ಬತ್ತಲೆ ಐತಲ್ಲಕ್ಕ" ಎಂದ. "ಅರಗು ಹಾಕ್ಬುಡನ. ನಾ ಮಾಡಿದ ಗಿಲಕಿ ಕೂಸುಗಳು ಬಾಯಲ್ಲಿಟ್ಟು ಚೀಪ್ತವೆ, ಏನಾಗ್ತದೆ? ಅಂಥ ಅರಗು."

ಬೊಂಬೆ ಯಂತ್ರದಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಡುಗೆಮನೆಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವುದು ಹೇಗೆ? ಪಾಪಣ್ಣ ಅದಕ್ಕೂ ದಾರಿ ಹುಡುಕಿದ. ಕೆಂಡದ ಇಸ್ತ್ರಿಪೆಟ್ಟಿಗೆ ತಂದು, ಅರಗು ಕರಗಿಸಿ, ತಾಳೆಗರಿಯಲ್ಲಿ ತಿಕ್ಕಿ, ಮಂಡಿಯೂರಿ ಹಲಗೆ ಹಲಗೆಗೂ ಬಳಿದ. ಊರಿಗೆ ಊರೇ ನೋಡಲು ಬಂತು. ಅತ್ತೆ ಬಾಗಿಲಲ್ಲಿ ಕೂತು, "ಈ ಮೂಲೆ ಬುಟ್ಟೆ ಕಣೋ" ಎನ್ನುತ್ತಿದ್ದರು. ಆ ನೆಲ ಕೆಂಪಗಿತ್ತು ಎಂದು ನನ್ನ ನೆನಪು. ಸುಧಕ್ಕ ಹಳದಿ ಎನ್ನುತ್ತಾಳೆ. ಭಾವನನ್ನು ಕೇಳಿದರೆ ತಲೆ ಸವರಿಕೊಳ್ಳುತ್ತಾನೆ. ಬಣ್ಣ ಯಾವುದೇ ಇರಲಿ, ಅಡುಗೆಮನೆ ಥೇಟ್ ಬೊಂಬೆ ಪೆಟ್ಟಿಗೆಯಾಗಿತ್ತು. ನಾವು ಯಾರೂ, ಎಂ.ಎ. ಆದವನೂ ಮೇಡಮ್ಮೂ ಬ್ಯಾಂಕಿನವನೂ, ಅರಗು ಬಿಸಿಗೆ ಕರಗುತ್ತದೆ ಎಂಬುದನ್ನು ಕಣ್ಣಾರೆ ನೋಡುತ್ತಿದ್ದರೂ ನೆನಪಿಸಿಕೊಳ್ಳಲಿಲ್ಲ. ಅತ್ತೆಯೂ, ಜನ್ಮವೆಲ್ಲ ಅರಗು ಕರಗಿಸಿದ ಪಾಪಣ್ಣನೂ ಅಷ್ಟೇ.

ಯುಗಾದಿಗೆ ಎರಡು ದಿನ ಮೊದಲು ಪರೀಕ್ಷೆ. ನಾವೆಲ್ಲ ಬಾಗಿಲಲ್ಲಿ ಸೇರಿದೆವು. ಪಾಪಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಸುಧಕ್ಕ ಕೈಕಟ್ಟಿ ನಿಂತಳು. ಅತ್ತೆ ಕುದಿಯುವ ಪಾತ್ರೆ ಇಳಿಸಿ, ಕವೆಗೋಲು ಸಿಕ್ಕಿಸಿ, ಪಾದ ಊರಿ ತಿರುವಿದರು. ಪಾತ್ರೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ನೋಡವ್ವ ಸುಧಾ, ನೋಡು! ನೆಲ ಹೆಂಗೆ ಹಿಡ್ಕಂಡದೆ!"

"ಹೌದತ್ತೆ" ಎಂದಳು ಸುಧಕ್ಕ, ಮೆಚ್ಚಿಕೊಂಡೇ.

"ಹಿಡಿತ ಅಂದ್ರೆ ಅರಗಿಂದು!" ಎಂದ ಪಾಪಣ್ಣ.

ಮುದ್ದೆ ಕಟ್ಟಿ ತಟ್ಟೆಗಿಟ್ಟು, ಅತ್ತೆ ಯಾರ ಕೈಯೂ ಹಿಡಿಯದೆ ಎದ್ದು ನಿಂತರು. ನಾನು ಚಪ್ಪಾಳೆ ತಟ್ಟಿದೆ. ಗೆಲುವಿನ ನಗೆಯಲ್ಲೇ ಬಗ್ಗಿ ಪಾತ್ರೆ ಎತ್ತಿದರು. ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ನಾಗರಾಜ ಭಾವ ಮುಂದೆ ಬಂದು, ಅಟ್ಟಕ್ಕೆ ತಲೆ ಬಡಿಸಿಕೊಂಡು, ಎರಡು ಕೈಯಲ್ಲಿ ಜಗ್ಗಿದ. ಪಾತ್ರೆ ನೆಲದಲ್ಲೇ ಬೆಳೆದ ಹಾಗೆ ಕೂತಿತ್ತು.

"ಚಿಗುರ್ತದೆ ಅಂತಿದ್ದೆ. ಬೇರು ಬುಟ್ಟದೆ" ಎಂದ ಭಾವ.

ಯಾರೂ ನಗಲಿಲ್ಲ. ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಅಂಥ ಅತ್ತೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಫಲಿತಾಂಶಕ್ಕೆ ಕಾದ ಶಾಲೆ ಹುಡುಗಿಯ ಮುಖ. ಸುಧಕ್ಕ ಪಾತ್ರೆಯನ್ನೂ ನೋಡಿದಳು, ಪಾಪಣ್ಣನ ಇಸ್ತ್ರಿ ಅಂಗಿಯನ್ನೂ ನೋಡಿದಳು. ತುಟಿ ಕಚ್ಚಿ ಹಿಡಿದಿದ್ದ ನಗೆ ಕೊನೆಗೆ ಒಡೆದು, ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ನಾನು ಜಾರಬಾರದು ಅಂದಿದ್ದೆ ಅತ್ತೆ. ಜಾರಲಿಲ್ಲ. ಗೆದ್ದಿರಿ. ಆದ್ರೆ ಈ ಬಣ್ಣ ಹೆರೆಸಿ, ಇಲ್ಲಾಂದ್ರೆ ನಾಳೆ ನೀವೂ ಅಂಟ್ಕೋತೀರ!"

ಪಾತ್ರೆಗೆ ಕುದಿನೀರು ಹುಯ್ದು ಪಾಪಣ್ಣನೇ ಬಿಡಿಸಿದ. ತಳದಲ್ಲಿ ಮರ ಸುಟ್ಟು ದುಂಡಗೆ ಕಪ್ಪು ಉಂಗುರವೊಂದು ಮೂಡಿತ್ತು. ಅರಗನ್ನೆಲ್ಲ ಹೆರೆದ ಮೇಲೂ ಅದು ಹೋಗಲಿಲ್ಲ. ಅತ್ತೆ ಹೋಗಗೊಡಲೂ ಇಲ್ಲ. ಆಮೇಲೆ ಅವರು ಪಾತ್ರೆ ಇಡುತ್ತಿದ್ದುದು ಅದೇ ಉಂಗುರದೊಳಗೆ. ಬಣ್ಣದ ಜಗಳ ತೀರಿಸಲೆಂದು ನಾನು ಒಮ್ಮೆ ಹಲಗೆಯ ಸಂದಿನಲ್ಲಿ ಅರಗು ಉಳಿದಿದೆಯೇ ಎಂದು ಗುಂಡುಸೂಜಿಯಲ್ಲಿ ಕೆದಕಿದೆ. ಬಂದದ್ದು ರಾಗಿಹಿಟ್ಟು.

ಆ ನೆಲದ ಮೇಲೆ ಅತ್ತೆ ಹಲವು ವರ್ಷ ಮುದ್ದೆ ತಿರುವಿದರು. ಕಾಲು ಸೋತ ಮೇಲೆ ನಡುಮನೆಯ ಮಂಚ ಹಿಡಿದರು. ನಾನು ಕೊನೆಯ ಸಲ ನೋಡಲು ಹೋದದ್ದು ಒಂದು ಭಾನುವಾರದ ಮಧ್ಯಾಹ್ನ. ಸುಧಕ್ಕ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಲೋ, ಒಸಿ ಅಡುಗೆಮನೆಗೆ ಹೋಗಿ ನೆಲ ಹೆಂಗೈತೆ ನೋಡ್ಕಂಡು ಬಾ."

ಹೋಗಿ ಬಂದೆ. "ಚೆನ್ನಾಗಿದೆ ಅತ್ತೆ."

"ಚೆನ್ನಾಗಿದೆ ಅನ್ನೋದೂ ಒಂದು ಮಾತೇನ್ಲಾ? ಕಾಲ್ಚೀಲ ಹಾಕ್ಕಂಡು ನೋಡ್ದೆ, ಅಲ್ವಾ? ಬಿಚ್ಚು. ಉಂಗುರದ ಮೇಲೆ ನಿಂತ್ಕಂಡು ನೋಡು."

ಕಾಲ್ಚೀಲ ಬಿಚ್ಚಿ ಮತ್ತೆ ಹೋದೆ. ಉಂಗುರದ ನಡುವೆ ನಿಂತು, ನೋಡುವವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಬ್ಬೆರಳು ಹಿಂದಕ್ಕೂ ಮುಂದಕ್ಕೂ ಉಜ್ಜಿದೆ.

"ಉಂಗುರದ ಹತ್ತಿರ ಬೆಚ್ಚಗಿದೆ" ಎಂದೆ ಬಂದು.

ಅತ್ತೆ ಕಣ್ಣು ಮುಚ್ಚಿ, ಮೆಲ್ಲನೆ ನಗತೊಡಗಿದರು. ಮಂಚವೇ ಅಲ್ಲಾಡಿತು.

"ಸುಧಾ ಕೂತ್ಕಂಡು ತಿರುವ್ತಾ ಅವಳೆ ಕಣ್ಲಾ! ಮುದ್ದೇಲಿ ಗಂಟು ಇಲ್ಲದ್ದು ನೋಡಿ ನಂಗೆ ಒಂದ್ವಾರದಿಂದ ಅನುಮಾನ." ಆಮೇಲೆ ನನ್ನ ಮಣಿಕಟ್ಟು ಹಿಡಿದು, "ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬ್ಯಾಡ. ಪಾಪ, ಈ ಜನ್ಮದಲ್ಲಿ ನೋಡಲ್ಲ ಅಂದಿದ್ಲು. ಅವಳ ಮಾತೂ ಉಳೀಲಿ" ಎಂದರು. ಹೇಳುವುದಿಲ್ಲ ಎಂದೆ.

ತಿಂಗಳು ಕಳೆಯುವುದರೊಳಗೆ ಅತ್ತೆ ಹೋದರು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಸುಧಕ್ಕ ಆಗತಾನೇ ಉಂಗುರದಿಂದ ಪಾತ್ರೆ ಎತ್ತಿ ಪಕ್ಕಕ್ಕಿಟ್ಟು, ಕವೆಗೋಲನ್ನು ಗೋಡೆಗೆ ಒರಗಿಸುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ನಿಂತು ನಿಂತು ಸೊಂಟ ಹಿಡ್ಕೊಂಡಿತ್ತು. ಅದಕ್ಕೇ ಕೂತೆ, ಅಷ್ಟೇ" ಎಂದಳು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, "ಅವರು ಒಂದು ಸಲ ನೋಡಬೇಕಿತ್ತು ಚಂದ್ರು. ಎಷ್ಟು ನಗ್ತಿದ್ರೋ" ಎಂದಳು.

ಅತ್ತೆಗೆ ಮಾತು ಕೊಟ್ಟಿದ್ದೆ. ತಲೆ ತಗ್ಗಿಸಿ ಕಾಲು ನೋಡಿಕೊಂಡೆ. ಬರಿಗಾಲಲ್ಲಿದ್ದೆ. ನೆಲ ಬೆಚ್ಚಗಿತ್ತು.